ಕರೆಂಟ್ ಬಿಲ್, ಮೀಟರ್ ಮತ್ತು ಮನಸ್ಸಾಕ್ಷಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಸೆಸ್ಕ್ ಈ ಐದರಲ್ಲಿ ಯಾವುದಾದರೊಂದು ಕಂಪನಿಗೆ ತಿಂಗಳು ತಿಂಗಳು ಬಿಲ್ ಕಟ್ಟುವ ಮನೆಗಳವರಿಗಾಗಿ ಇದನ್ನು ಬರೆದಿದೆ. ಮೀಟರಿನ ವಿಷಯದಲ್ಲಿ ಜನ ಎರಡು ದನಿಯಲ್ಲಿ ಮಾತನಾಡುತ್ತಾರೆ. ‘ಬಿಲ್ ಯಾಕಿಷ್ಟು ಬಂತು?’ ಎಂಬುದು ಗಟ್ಟಿ ದನಿಯ ಪ್ರಶ್ನೆ. ‘ಏನಾದರೂ ಮಾಡಬಹುದೇ?’ ಎಂಬುದು ಪಿಸುದನಿಯದು. ಎರಡಕ್ಕೂ ಇಲ್ಲಿ ಉತ್ತರವಿದೆ. ಎರಡನೆಯದಕ್ಕೆ ‘ಹೇಗೆ’ ಎಂಬ ಬಾಲ ಸೇರಿಸಿ ಕೇಳುವವರಿಗೆ ಮಾತ್ರ ಇಲ್ಲಿ ಏನೂ ಸಿಗುವುದಿಲ್ಲ.

ಬಳಸಿದ್ದು ಕಡಿಮೆ, ಬಿಲ್ ಹೆಚ್ಚು. ಆ ಚೀಟಿಯಲ್ಲಿ ಏನೇನು ಸೇರಿರುತ್ತದೆ?

ಮೊದಲನೆಯದು ನಿಗದಿತ ಶುಲ್ಕ. ನೀವು ಒಂದು ಯೂನಿಟ್ ಬಳಸದಿದ್ದರೂ ಇದನ್ನು ಕಟ್ಟಬೇಕು, ಏಕೆಂದರೆ ಇದನ್ನು ಹಾಕುವುದು ಬಳಕೆಯ ಮೇಲಲ್ಲ, ನಿಮಗೆ ಮಂಜೂರಾಗಿರುವ ಲೋಡ್ (ಒಮ್ಮೆಗೆ ಎಳೆಯಬಹುದಾದ ವಿದ್ಯುತ್ತಿನ ಮಿತಿ) ಮೇಲೆ. ಎರಡನೆಯದು ಯೂನಿಟ್ ಲೆಕ್ಕದ ಶುಲ್ಕ. ಮೊದಲು ಇಷ್ಟು ಯೂನಿಟ್‌ವರೆಗೆ ಒಂದು ದರ, ಮೇಲಿನದಕ್ಕೆ ಇನ್ನೊಂದು ದರ ಎಂಬ ಹಂತಗಳಿದ್ದವು. 2024ರ ಏಪ್ರಿಲ್‌ನಿಂದ ಮನೆಗಳಿಗೆ ಒಂದೇ ದರವಾಗಿದೆ. ಮೂರನೆಯದು ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗೆಂದು 2025ರ ಏಪ್ರಿಲ್‌ನಲ್ಲಿ ಹೊಸದಾಗಿ ಸೇರಿಸಿದ ಸರ್‌ಚಾರ್ಜ್. ನಾಲ್ಕನೆಯದು ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ. ಇದು ಕೆಲವು ತಿಂಗಳು ಏರುತ್ತದೆ, ಕೆಲವು ತಿಂಗಳು ಇಳಿಯುತ್ತದೆ. ಕೊನೆಯದು ಶೇ. 9ರಷ್ಟು ವಿದ್ಯುತ್ ತೆರಿಗೆ.

2025–26ರ ದರದಲ್ಲಿ ಒಂದು ಲೆಕ್ಕ ಹಾಕೋಣ. 3 ಕಿಲೋವಾಟ್ ಮಂಜೂರಾದ ಮನೆ, ತಿಂಗಳಿಗೆ 250 ಯೂನಿಟ್ ಬಳಕೆ. ಕಿಲೋವಾಟ್‌ಗೆ 145 ರೂಪಾಯಿಯಂತೆ ನಿಗದಿತ ಶುಲ್ಕ 435. ಯೂನಿಟ್‌ಗೆ 5.80ರಂತೆ 1,450. ಪಿಂಚಣಿ ಬಾಬ್ತು 36 ಪೈಸೆಯಂತೆ 90. ತೆರಿಗೆ ಸುಮಾರು 130. ಒಟ್ಟು 2,100 ರೂಪಾಯಿಯ ಆಸುಪಾಸು. ಇದರಲ್ಲಿ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಹಣ ಫ್ಯಾನ್ ಆರಿಸಿದರೂ ಕಡಿಮೆಯಾಗದ ನಿಗದಿತ ಶುಲ್ಕ. ಬಹಳ ಜನರ ಸಿಟ್ಟಿನ ಮೂಲ ಇಲ್ಲಿದೆ, ಆ ಸಿಟ್ಟು ಅಕಾರಣವೂ ಅಲ್ಲ. ಆದರೆ ಇದಕ್ಕೆ ಮೀಟರ್ ಹೊಣೆಯಲ್ಲ. ನಿಮ್ಮ ಮನೆಗೆ 5 ಕಿಲೋವಾಟ್ ಮಂಜೂರಾಗಿದ್ದು ನಿಜವಾದ ಗರಿಷ್ಠ ಬೇಡಿಕೆ ಎರಡನ್ನು ದಾಟದಿದ್ದರೆ, ಲೋಡ್ ಇಳಿಸಿಕೊಡಿ ಎಂದು ಉಪವಿಭಾಗದ ಕಚೇರಿಯಲ್ಲಿ ಅರ್ಜಿ ಹಾಕಬಹುದು. ಕಾನೂನು ಮುರಿಯದೆ ಬಿಲ್ ಇಳಿಸುವ ಈ ದಾರಿಯನ್ನು ಕೇಳಿ ಬರುವವರು ತೀರ ಕಡಿಮೆ.

ಗೃಹಜ್ಯೋತಿ ಇದೆ. ಆದರೂ ಬಿಲ್ ಏಕೆ ಬಂತು?

200 ಯೂನಿಟ್ ಎಲ್ಲರಿಗೂ ಉಚಿತ ಎಂಬುದು ತಪ್ಪು ತಿಳಿವಳಿಕೆ. ನಿಮ್ಮ ಮನೆಯ 2022–23ರ ತಿಂಗಳ ಸರಾಸರಿಗೆ ಶೇ. 10 ಸೇರಿಸಿದರೆ ಎಷ್ಟಾಗುತ್ತದೋ ಅಷ್ಟು ಉಚಿತ. ಸರಾಸರಿ 48 ಯೂನಿಟ್‌ವರೆಗೆ ಇರುವ ಮನೆಗಳಿಗೆ ಶೇ. 10ರ ಬದಲು 10 ಯೂನಿಟ್ ಸೇರಿಸುವ ತೀರ್ಮಾನ 2024ರ ಜನವರಿಯಲ್ಲಿ ಆಯಿತು. ಅರ್ಹತೆ 110 ಯೂನಿಟ್ ಇದ್ದು ನೀವು 140 ಬಳಸಿದರೆ 30ಕ್ಕೆ ಹಣ ಕಟ್ಟಬೇಕು. ಬಳಕೆ 200 ದಾಟಿದರೆ ಆ ತಿಂಗಳು ರಿಯಾಯಿತಿಯೇ ಇಲ್ಲ, ಪೂರ್ತಿ ಬಿಲ್ ನಿಮ್ಮದು.

ಹಾಗಾದರೆ ತಿಂಗಳ ಕೊನೆಗೆ 206 ಬಂದಾಗ ಮೀಟರ್ ಓದುವವರಿಗೆ ಏನಾದರೂ ಕೊಟ್ಟು 198 ಎಂದು ಬರೆಸಿದರೆ?

ಗೆರೆ ಅಷ್ಟು ಚೂಪಾಗಿ ಎಳೆದರೆ ಈ ಆಸೆ ಹುಟ್ಟುವುದು ಸಹಜ. ಆರು ಯೂನಿಟ್‌ಗಾಗಿ ಸಾವಿರಕ್ಕೂ ಮಿಕ್ಕಿ ಹಣ ತೆರುವಂತೆ ಯೋಜನೆ ರೂಪಿಸಿದವರು ಅದರ ಬಗ್ಗೆ ಯೋಚಿಸಬೇಕಿತ್ತು. ಆದರೂ ಈ ಉಪಾಯ ಕೆಲಸಕ್ಕೆ ಬಾರದು. ಚೀಟಿಯಲ್ಲಿ ಏನೇ ಬರೆದರೂ ಮೀಟರ್ ತನ್ನ ಅಂಕಿಯನ್ನು ಮರೆಯುವುದಿಲ್ಲ. ಬಿಟ್ಟ ಎಂಟು ಯೂನಿಟ್ ಮುಂದಿನ ತಿಂಗಳ ತಲೆಗೆ ಬೀಳುತ್ತದೆ. ಹೀಗೆ ವರ್ಷವಿಡೀ ಮುಂದೂಡಿ, ಓದುವವರು ಬದಲಾದ ತಿಂಗಳು ಒಂದೇ ಸಲ ದೊಡ್ಡ ಮೊತ್ತ ಬಂದು ಕಚೇರಿಗೆ ಓಡುವವರಿದ್ದಾರೆ. ಕಾನೂನಿನ ಮಾತು ಬೇರೆ: ವಿದ್ಯುತ್ ಕಾಯ್ದೆ 2003ರ 150ನೇ ಸೆಕ್ಷನ್ ಪ್ರಕಾರ ಕಳ್ಳತನಕ್ಕೆ ಒತ್ತಾಸೆ ನೀಡಿದವರೂ ಅದಕ್ಕೆ ಕೈಜೋಡಿಸಿದ ಕಂಪನಿಯ ನೌಕರರೂ ಶಿಕ್ಷೆಗೆ ಗುರಿಯಾಗುತ್ತಾರೆ. ನಿಮ್ಮ ಎಂಟು ಯೂನಿಟ್‌ಗೆ ಗುತ್ತಿಗೆ ನೌಕರನೊಬ್ಬನ ಕೆಲಸವನ್ನು ಪಣಕ್ಕಿಟ್ಟಂತಾಗುತ್ತದೆ.

ಹೊಸ ಡಿಜಿಟಲ್ ಮೀಟರ್ ಜೋರಾಗಿ ಓಡುತ್ತದೆಯಂತೆ, ನಿಜವೇ?

ಹೊಸದು ಜೋರಾಗಿ ಓಡುತ್ತದೆ ಎನ್ನುವುದಕ್ಕಿಂತ ಹಳೆಯದು ನಿಧಾನವಾಗಿತ್ತು ಎನ್ನುವುದು ಸರಿ. ತಟ್ಟೆ ತಿರುಗುವ ಮೀಟರ್‌ನಲ್ಲಿ ಬೇರಿಂಗ್ ಸವೆದು ಘರ್ಷಣೆ ಹೆಚ್ಚಿದಂತೆ ತಟ್ಟೆ ಮಂದವಾಗುತ್ತದೆ. ಸೆಟ್‌ಟಾಪ್ ಬಾಕ್ಸ್, ಚಾರ್ಜರ್‌ನಂಥ ಸಣ್ಣ ಲೋಡ್‌ಗೆ ಕೆಲವೊಮ್ಮೆ ಅದು ಅಲುಗುವುದೂ ಇಲ್ಲ. ಎಲೆಕ್ಟ್ರಾನಿಕ್ ಮೀಟರ್ ಆ ಚಿಲ್ಲರೆಯನ್ನೂ ಎಣಿಸುತ್ತದೆ. ಹಗಲಿರುಳು 10 ವಾಟ್ ನುಂಗುವ ಪೆಟ್ಟಿಗೆಯೊಂದು ತಿಂಗಳಿಗೆ 7 ಯೂನಿಟ್ ತೆಗೆದುಕೊಳ್ಳುತ್ತದೆ. ಮೀಟರ್ ಬದಲಾದ ತಿಂಗಳು ಬಿಲ್ ಏರಿದ್ದರೆ ಮೊದಲು ಈ ಕಾರಣವನ್ನು ನೋಡಿ.

ನನ್ನ ಮೀಟರ್ ಸರಿಯಿದೆಯೇ ಎಂದು ಮನೆಯಲ್ಲೇ ತಿಳಿಯಬಹುದೇ?

ಅಂದಾಜು ತಿಳಿಯಬಹುದು, ಅದೂ ಮೀಟರನ್ನು ಮುಟ್ಟದೆ. ಮನೆಯೊಳಗಿನ ಮೇನ್ ಆರಿಸಿ, ಮೀಟರಿನ ಕೆಂಪು ದೀಪವನ್ನು ನೋಡಿ. ಅದು ಮಿನುಗುವುದು ನಿಲ್ಲಬೇಕು. ಆಗಲೂ ಮಿನುಗುತ್ತಿದ್ದರೆ ಮೀಟರ್ ಮತ್ತು ಮೇನ್ ನಡುವೆ ಎಲ್ಲೋ ಸೋರಿಕೆಯಿದೆ, ಇಲ್ಲವೇ ನಿಮ್ಮ ಲೆಕ್ಕದಲ್ಲಿ ಬೇರೆ ಯಾರೋ ದೀಪ ಹಚ್ಚುತ್ತಿದ್ದಾರೆ. ಹಳೆಯ ವಠಾರಗಳಲ್ಲಿ ಎರಡನೆಯದು ಅಪರೂಪವೇನಲ್ಲ.

ಮುಂದಿನ ಪರೀಕ್ಷೆಗೆ 1,000 ವಾಟ್‌ನ ನೀರು ಕಾಯಿಸುವ ಕಾಯಿಲ್ ಸಾಕು. ಬಕೆಟ್ಟಿನ ನೀರಿನಲ್ಲಿ ಅದನ್ನು ಇಟ್ಟ ಮೇಲೆಯೇ ಸ್ವಿಚ್ ಹಾಕಿ, ಆರಿಸುವ ತನಕ ನೀರು ಮುಟ್ಟಬೇಡಿ. ಮನೆಯ ಉಳಿದೆಲ್ಲವೂ ಆರಿರಲಿ. ಮೀಟರಿನ ಮುಖದ ಮೇಲೆ ಯೂನಿಟ್‌ಗೆ 3,200 ಎಂದು ಬರೆದಿದ್ದರೆ ದೀಪ ನಿಮಿಷಕ್ಕೆ ಸುಮಾರು 53 ಬಾರಿ ಮಿನುಗಬೇಕು. ವೋಲ್ಟೇಜ್ ಕಡಿಮೆಯಿದ್ದರೆ ಸ್ವಲ್ಪ ಕಡಿಮೆ. ಎಂಬತ್ತು ಬಂದರೆ ಅನುಮಾನಿಸಲು ಕಾರಣವಿದೆ. ಶುಲ್ಕ ಕಟ್ಟಿ ಮೀಟರ್ ಪರೀಕ್ಷೆಗೆ ಅರ್ಜಿ ಕೊಡಿ. ಐವತ್ತು ಬಂದರೆ ಮೀಟರನ್ನು ಬಿಟ್ಟು ಗೀಸರ್ ಕಡೆ ನೋಡಿ.

ಕಾನೂನು ಯಾವುದನ್ನು ಕಳ್ಳತನ ಎನ್ನುತ್ತದೆ?

ವಿದ್ಯುತ್ ಕಾಯ್ದೆಯ 135ನೇ ಸೆಕ್ಷನ್ ಅಪ್ರಾಮಾಣಿಕ ಉದ್ದೇಶದಿಂದ ಮಾಡಿದ ಇಷ್ಟನ್ನು ಹೇಳುತ್ತದೆ: ಕಂಪನಿಯ ತಂತಿಗೆ ಕೊಕ್ಕೆ ಹಾಕುವುದು, ಮೀಟರನ್ನು ತಿದ್ದುವುದು ಅಥವಾ ತಿದ್ದಿದ ಮೀಟರನ್ನು ಬಳಸುವುದು, ಸರಿಯಾಗಿ ಅಳೆಯದಂತೆ ಅದನ್ನು ಕೆಡಿಸುವುದು, ಮಂಜೂರಾದ ಉದ್ದೇಶ ಬಿಟ್ಟು ಬೇರೆಯದಕ್ಕೆ ಬಳಸುವುದು. 138ನೇ ಸೆಕ್ಷನ್ ಇದಕ್ಕಿಂತ ಭಿನ್ನ. ಬಾಕಿಗಾಗಿ ಕಡಿದ ಸಂಪರ್ಕವನ್ನು ನೀವೇ ಮತ್ತೆ ಜೋಡಿಸಿಕೊಂಡರೆ ಅದು ಅನ್ವಯಿಸುತ್ತದೆ. ‘ಲೈನ್‌ಮನ್ ಬರುವುದು ತಡವಾಯಿತು, ಹಣ ಕಟ್ಟಿ ಆಗಿತ್ತು, ನಾನೇ ಹಾಕಿಕೊಂಡೆ’ ಎನ್ನುವವರಿಗೆ ಇದು ಗೊತ್ತಿರುವುದಿಲ್ಲ.

ಸಿಕ್ಕಿಬಿದ್ದರೆ ಏನಾಗುತ್ತದೆ?

ಸಂಪರ್ಕವನ್ನು ಅಲ್ಲೇ ಕಡಿಯುತ್ತಾರೆ, 24 ಗಂಟೆಯೊಳಗೆ ಪೊಲೀಸ್ ದೂರು ದಾಖಲಾಗಬೇಕು. ಶಿಕ್ಷೆ ಮೂರು ವರ್ಷದವರೆಗೆ ಸೆರೆ ಅಥವಾ ದಂಡ ಅಥವಾ ಎರಡೂ. 10 ಕಿಲೋವಾಟ್ ಮೀರದ ಲೋಡ್ ಆದರೆ ಮೊದಲ ಸಲ ದಂಡವು ಕದ್ದು ಗಳಿಸಿದ್ದರ ಮೂರು ಪಟ್ಟಿಗಿಂತ ಕಡಿಮೆ ಇರುವಂತಿಲ್ಲ, ಎರಡನೆಯ ಸಲ ಆರು ಪಟ್ಟು. ಇದರ ಜೊತೆಗೆ ಸಿವಿಲ್ ಹೊಣೆ ಬೇರೆ. ಕಳ್ಳತನ ಎಂದಿನಿಂದ ನಡೆದಿದೆ ಎಂದು ಗೊತ್ತಾಗದಿದ್ದರೆ ಹಿಂದಿನ ಹನ್ನೆರಡು ತಿಂಗಳಿಗೆ ಎರಡು ಪಟ್ಟು ದರದಲ್ಲಿ ಲೆಕ್ಕ ಕಟ್ಟಬಹುದು. ಮೀಟರ್ ಸುಳ್ಳು ಹೇಳಿದ ಮೇಲೆ ಆ ಲೆಕ್ಕಕ್ಕೆ ಆಧಾರ ಮನೆಯಲ್ಲಿರುವ ಉಪಕರಣಗಳ ಲೋಡ್ ಮತ್ತು ಬಳಕೆಯ ಗಂಟೆಗಳ ಅಂದಾಜು. ಅಂದಾಜು ನಿಮ್ಮ ಪರವಾಗಿ ಇರುತ್ತದೆಂದು ಆಶಿಸಬೇಡಿ.

ರಾಜಿಗೆ 152ನೇ ಸೆಕ್ಷನ್‌ನಲ್ಲಿ ಅವಕಾಶವಿದೆ, ಅದೂ ಒಂದೇ ಸಲ. ಕಾಯ್ದೆಯ ಪಟ್ಟಿಯಲ್ಲಿ ಮನೆಯಂಥ ಬಳಕೆಗೆ ಕಿಲೋವಾಟ್‌ಗೆ 4,000 ರೂಪಾಯಿ. ರಾಜ್ಯ ಸರ್ಕಾರ ಅದನ್ನು ಬದಲಿಸಬಹುದು. ತಿಂಗಳಿಗೆ 100 ಯೂನಿಟ್ ಕದ್ದವನ ವರ್ಷದ ಲಾಭ ಎಂಟು ಸಾವಿರ ರೂಪಾಯಿಯ ಆಸುಪಾಸು. 3 ಕಿಲೋವಾಟ್ ಮನೆಯ ರಾಜಿಯ ಹಣವೇ ಹನ್ನೆರಡು ಸಾವಿರ. ಎರಡು ಪಟ್ಟಿನ ಬಿಲ್, ವಕೀಲರ ಖರ್ಚು, ಮೀಟರ್ ‘ಸರಿ ಮಾಡಿಕೊಟ್ಟ’ವನಿಗೆ ಕೊಟ್ಟ ಹಣ ಇವೆಲ್ಲ ಅದರ ಮೇಲೆ. ಕೆಲಸ ಮಾಡಿಕೊಟ್ಟವನು ಆ ಹೊತ್ತಿಗೆ ಫೋನ್ ಎತ್ತುವುದಿಲ್ಲ.

ಸರ್ಕಾರಿ ಇಲಾಖೆಗಳೇ ಬಿಲ್ ಬಾಕಿ ಉಳಿಸಿಕೊಂಡಿವೆ, ದೊಡ್ಡವರು ದಕ್ಕಿಸಿಕೊಳ್ಳುತ್ತಾರೆ. ನಾನು ನಾಲ್ಕು ಕಾಸು ಉಳಿಸಿಕೊಂಡರೆ ತಪ್ಪೇನು?

ಮೊದಲರ್ಧ ನಿಜ. ಇಲಾಖೆಗಳು, ಸ್ಥಳೀಯ ಸಂಸ್ಥೆಗಳು ವಿದ್ಯುತ್ ಕಂಪನಿಗಳಿಗೆ ದೊಡ್ಡ ಮೊತ್ತ ಉಳಿಸಿಕೊಂಡಿರುವುದು ಗುಟ್ಟೇನಲ್ಲ. 10 ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ಕರೆಂಟ್ ಉಚಿತ, ಬಹುಪಾಲಿಗೆ ಮೀಟರ್ ಇಲ್ಲ, ಬಳಕೆಯನ್ನು ಅಂದಾಜಿನಲ್ಲೇ ತೋರಿಸುತ್ತಾರೆ. ಕಂಪನಿಗಳು ತಮ್ಮ ಸೋರಿಕೆಯನ್ನು ಆ ಅಂದಾಜಿನೊಳಗೆ ಅಡಗಿಸುತ್ತವೆ ಎಂಬ ಟೀಕೆಯೂ ಹಳೆಯದು. ನ್ಯಾಯ ಎಲ್ಲರಿಗೂ ಒಂದೇ ತೂಕದಲ್ಲಿ ಸಿಗುತ್ತಿಲ್ಲ ಎನ್ನುವವರ ಜೊತೆ ನನಗೆ ಜಗಳವಿಲ್ಲ.

ಜಗಳವಿರುವುದು ಎರಡನೆಯ ಅರ್ಧದ ಜೊತೆ. ನೀವು ಉಳಿಸಿದ ಹಣ ಯಾರ ಜೇಬಿನಿಂದ ಬಂತು ಎಂದು ನೋಡಿ. ದರ ನಿಗದಿ ಮಾಡುವಾಗ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ ಪ್ರತಿ ಕಂಪನಿಗೂ ಇಂತಿಷ್ಟು ನಷ್ಟ ಆಗಬಹುದು ಎಂದು ಒಂದು ಮಿತಿ ಹಾಕುತ್ತದೆ. ತಂತಿಯಲ್ಲಿ ಬಿಸಿಯಾಗಿ ಹೋದದ್ದೂ ಕಳವಾದದ್ದೂ ಎರಡೂ ಆ ಮಿತಿಯೊಳಗೆ ಬೆರೆತಿರುತ್ತವೆ. ಖರೀದಿಸಿದ ಯೂನಿಟ್‌ಗಳ ಒಟ್ಟು ವೆಚ್ಚವನ್ನು ಮಾರಾಟವಾದ ಯೂನಿಟ್‌ಗಳ ಮೇಲೆ ಹಂಚುವುದರಿಂದ, ನಿಮ್ಮ ಮೀಟರ್ ಎಣಿಸದ ಯೂನಿಟ್‌ನ ಬೆಲೆ ಎಣಿಸಿಕೊಂಡವರ ಬಿಲ್ಲಿಗೆ ಪೈಸೆ ಪೈಸೆಯಾಗಿ ಸೇರುತ್ತದೆ. ಮಿತಿ ಮೀರಿದ ನಷ್ಟ ಕಂಪನಿಯದು. ಕಂಪನಿಯ ಒಡೆತನ ಸರ್ಕಾರದ್ದು, ಅದರ ಹಣ ಮತ್ತೆ ತೆರಿಗೆಯಿಂದಲೇ ಬರಬೇಕು. ಬಾಕಿ ಉಳಿಸಿಕೊಂಡ ಇಲಾಖೆಗೆ ನಿಮ್ಮ ಕಳ್ಳತನದಿಂದ ಒಂದು ಕೂದಲೂ ಕೊಂಕುವುದಿಲ್ಲ. ಎದುರುಮನೆಯ ಅಂಗನವಾಡಿ ಶಿಕ್ಷಕಿಗೆ ಕೊಂಕುತ್ತದೆ.

ಸಿಟ್ಟಿದ್ದರೆ ಅದಕ್ಕೆ ಜಾಗವಿದೆ. ದರ ಏರಿಕೆಯ ಪ್ರಸ್ತಾವ ಬಂದಾಗಲೆಲ್ಲ ಆಯೋಗ ಆಕ್ಷೇಪ ಆಹ್ವಾನಿಸಿ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಯಾವ ಗ್ರಾಹಕನೂ ಲಿಖಿತ ಆಕ್ಷೇಪ ಕೊಟ್ಟು ಮಾತನಾಡಬಹುದು. ಕೈಗಾರಿಕೆಯವರು ಅಂಕಿಅಂಶ ಹೊತ್ತು ಬರುತ್ತಾರೆ. ಮನೆ ಗ್ರಾಹಕರ ಕುರ್ಚಿಗಳು ಬಹುಪಾಲು ಖಾಲಿ.

ಕಟ್ಟಲು ನಿಜಕ್ಕೂ ಹಣವಿಲ್ಲದವರು?

ಕತ್ತಲೆಯಲ್ಲಿ ಮಕ್ಕಳನ್ನು ಓದಿಸಲಾಗದೆ ಕೊಕ್ಕೆ ಹಾಕಿದವನನ್ನೂ ಮೂರು ಎ.ಸಿ. ಇಟ್ಟುಕೊಂಡು ಮೀಟರ್ ತಿದ್ದಿಸಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಾನು ಸಿದ್ಧನಿಲ್ಲ. ಕಾಯ್ದೆ ತೂಗುತ್ತದೆ, ಅದು ಅದರ ಕೊರತೆ. ಆದರೆ ಕೊಕ್ಕೆಯ ತಂತಿಗೆ ಬಡವ ಬಲ್ಲಿದ ಎಂಬ ಭೇದ ತಿಳಿಯದು. ಮೀಟರಿಗಿಂತ ಮುಂಚೆ ಎಳೆದ ತಂತಿಗೆ ಫ್ಯೂಸ್ ಇಲ್ಲ, ಎಂ.ಸಿ.ಬಿ. ಇಲ್ಲ. ಮೇನ್ ಆರಿಸಿದರೂ ಅದರಲ್ಲಿ ಕರೆಂಟ್ ಇರುತ್ತದೆ, ಅದನ್ನು ಅರಿಯದೆ ಕೈಯಿಟ್ಟ ಎಲೆಕ್ಟ್ರಿಷಿಯನ್ ಜೀವ ಹೋಗುತ್ತದೆ. 25 ಕೆ.ವಿ.ಎ. ಟ್ರಾನ್ಸ್‌ಫಾರ್ಮರ್ ಮೇಲೆ ಲೆಕ್ಕಕ್ಕಿಲ್ಲದ ಲೋಡ್ ಬಿದ್ದರೆ ಅದು ಸುಟ್ಟು ಊರಿಗೆ ಊರೇ ಕತ್ತಲಾಗುತ್ತದೆ. ಹೊಲದ ಬೇಲಿಗೆ ನೇರ ಕರೆಂಟ್ ಹರಿಸುವವರು ಆನೆಗಳನ್ನೂ ತಮ್ಮವರನ್ನೂ ಕೊಂದಿರುವುದು ಹಾಸನ, ಕೊಡಗು, ಚಾಮರಾಜನಗರದ ಕಡೆಯವರಿಗೆ ಹೊಸ ಸುದ್ದಿಯಲ್ಲ.

ಹಣದ ಮುಗ್ಗಟ್ಟಿದ್ದರೆ ಮೊದಲು ಗೃಹಜ್ಯೋತಿ ನೋಂದಣಿ ಆಗಿದೆಯೇ ನೋಡಿ. ಬಾಕಿಗಾಗಿ ಸಂಪರ್ಕ ಕಡಿಯುವ ಮುನ್ನ 15 ದಿನಗಳ ಲಿಖಿತ ನೋಟಿಸ್ ಕೊಡಬೇಕೆಂದು 56ನೇ ಸೆಕ್ಷನ್ ಹೇಳುತ್ತದೆ. ಆ ಅವಧಿಯಲ್ಲಿ ಉಪವಿಭಾಗಕ್ಕೆ ಹೋಗಿ ಕಂತು ಕೇಳುವುದು ನಾಚಿಕೆಯ ವಿಷಯವಲ್ಲ.

ಹಬ್ಬದ ಎರಡು ದಿನ ಕಂಬದಿಂದ ಸೀರಿಯಲ್ ಸೆಟ್‌ಗೆ ಎಳೆದುಕೊಂಡರೆ ಅದೂ ಕಳ್ಳತನವೇ?

ಹೌದು. 2023ರ ದೀಪಾವಳಿಯಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ಮಾಜಿ ಮುಖ್ಯಮಂತ್ರಿಯೊಬ್ಬರ ಮನೆಯ ಅಲಂಕಾರದ ದೀಪಗಳಿಗೆ ಕಂಬದಿಂದ ನೇರ ಸಂಪರ್ಕ ಕೊಟ್ಟದ್ದು ಬೆಳಕಿಗೆ ಬಂದು ಪ್ರಕರಣ ದಾಖಲಾಯಿತು. ಅಲಂಕಾರದವನು ತಮಗೆ ತಿಳಿಯದೆ ಮಾಡಿದ್ದು ಎಂದು ಅವರು ಹೇಳಿ ವಿಷಾದ ವ್ಯಕ್ತಪಡಿಸಿದರು. ಕಂಪನಿ ಹಾಕಿದ ದಂಡ 68,526 ರೂಪಾಯಿ. ಮದುವೆ, ಗೃಹಪ್ರವೇಶ, ಗಣಪತಿ ಪೆಂಡಾಲ್ ಯಾವುದೇ ಇರಲಿ, ಶಾಮಿಯಾನದವರಿಗೆ ‘ಕರೆಂಟ್ ಎಲ್ಲಿಂದ ತೆಗೆಯುತ್ತೀರಿ?’ ಎಂದು ಕೇಳುವುದು ನಿಮ್ಮ ಕೆಲಸ. ತಾತ್ಕಾಲಿಕ ಸಂಪರ್ಕಕ್ಕೆ ಅರ್ಜಿ ಹಾಕಬಹುದು.

ಪಕ್ಕದ ಮನೆಗೆ ಒಂದು ವೈರ್ ಕೊಟ್ಟೆ. ನನ್ನ ಮೀಟರಿನಲ್ಲೇ ಓಡುತ್ತದೆ, ಹಣವೂ ನನ್ನದೇ.

ಒಳ್ಳೆಯ ಮನಸ್ಸು, ಆದರೆ ನಿಯಮಕ್ಕೆ ಹೊರತು. ಮಂಜೂರಾದ ಜಾಗ ಬಿಟ್ಟು ಬೇರೆಡೆಗೆ ವಿದ್ಯುತ್ ಒಯ್ಯುವುದು 126ನೇ ಸೆಕ್ಷನ್‌ನಲ್ಲಿ ಅನಧಿಕೃತ ಬಳಕೆ, ಎರಡು ಪಟ್ಟು ದರ ಹಾಕಬಹುದು. ಮನೆಯ ಸಂಪರ್ಕದಲ್ಲಿ ಅಂಗಡಿ ನಡೆಸುವುದಕ್ಕೂ ಇದೇ ಅನ್ವಯ. ಮನೆಯಲ್ಲೇ ಮಾಡುವ ಕೆಲವು ಸ್ವಂತ ಉದ್ಯೋಗಗಳಿಗೆ ಮಿತಿಯೊಳಗೆ ಗೃಹಬಳಕೆಯ ದರದಲ್ಲೇ ಅವಕಾಶವಿದೆ. ಶುರು ಮಾಡುವ ಮುನ್ನ ಉಪವಿಭಾಗದಲ್ಲಿ ಕೇಳಿ.

ಮನೆ ಮಾಲೀಕರು ಸಬ್‌ಮೀಟರ್ ಹಾಕಿ ಯೂನಿಟ್‌ಗೆ ಹತ್ತು ರೂಪಾಯಿ ವಸೂಲು ಮಾಡುತ್ತಾರೆ. ಇದಕ್ಕೆ ಏನೆನ್ನುತ್ತೀರಿ?

ಮೀಟರ್ ತಿದ್ದದೆಯೂ ಕದಿಯಬಹುದು ಎನ್ನುತ್ತೇನೆ. ಅದರಲ್ಲೂ ಗೃಹಜ್ಯೋತಿಯಲ್ಲಿ ಮಾಲೀಕರ ಬಿಲ್ ಸೊನ್ನೆ ಬರುತ್ತಿದ್ದು ಬಾಡಿಗೆದಾರರಿಂದ ಯೂನಿಟ್ ಲೆಕ್ಕದಲ್ಲಿ ಹಣ ತೆಗೆಯುವವರಿದ್ದಾರೆ. ಸರ್ಕಾರ ತೆತ್ತ ಯೂನಿಟ್‌ಗೆ ಎರಡನೆಯ ಸಲ ಹಣ ಪಡೆಯುವುದು ಕಂಬಕ್ಕೆ ಕೊಕ್ಕೆ ಹಾಕುವುದಕ್ಕಿಂತ ಸಭ್ಯವಾಗಿ ಕಾಣುತ್ತದೆ, ಅಷ್ಟೇ. ನಿಮ್ಮ ಮನೆಗೆ ಪ್ರತ್ಯೇಕ ಆರ್.ಆರ್. ಸಂಖ್ಯೆ (ಬಿಲ್ಲಿನಲ್ಲಿರುವ ಸಂಪರ್ಕದ ಗುರುತಿನ ಸಂಖ್ಯೆ) ಇದ್ದರೆ ಬಾಡಿಗೆದಾರರಾಗಿ ನೀವೇ ಆಧಾರ್ ಜೋಡಿಸಿ ನೋಂದಾಯಿಸಬಹುದು. ಮನೆ ಬಿಡುವಾಗ ಆ ಜೋಡಣೆ ತೆಗೆಸಲು ಮರೆಯಬೇಡಿ. ಬಾಡಿಗೆಗೆ ಮುನ್ನ ಪ್ರತ್ಯೇಕ ಮೀಟರ್ ಇದೆಯೇ ಎಂದು ಕೇಳುವುದು ನೀರು ಬರುತ್ತದೆಯೇ ಎಂದು ಕೇಳುವಷ್ಟೇ ಮುಖ್ಯ.

ಬಾಡಿಗೆಗೆ ಬಂದ ಮನೆಯ ಮೀಟರಿನ ಸೀಲ್ ಮೊದಲೇ ಕಿತ್ತಿದೆ. ನನ್ನ ತಲೆಗೆ ಬರುತ್ತದೆಯೇ?

ಬರಬಹುದು. ಅನಧಿಕೃತವಾಗಿ ವಿದ್ಯುತ್ ಎಳೆಯುವ ಏರ್ಪಾಡು ಇದೆ ಎಂದು ಸಾಬೀತಾದರೆ, ಅದನ್ನು ಗ್ರಾಹಕನೇ ಅಪ್ರಾಮಾಣಿಕವಾಗಿ ಮಾಡಿದ್ದಾನೆಂದು ಕಾಯ್ದೆ ಊಹಿಸಿಕೊಳ್ಳುತ್ತದೆ; ಅಲ್ಲವೆಂದು ತೋರಿಸುವ ಹೊರೆ ಆತನದು. ಹೀಗಾಗಿ ಮನೆ ಸೇರಿದ ದಿನವೇ ಮೀಟರ್, ಸೀಲ್, ಅಂಕಿ ಕಾಣುವಂತೆ ಫೋಟೋ ತೆಗೆಯಿರಿ. ಅನುಮಾನವಿದ್ದರೆ 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ, ಉಪವಿಭಾಗಕ್ಕೆ ಒಂದು ಪತ್ರ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಮಾಲೀಕರು ಬೇಸರ ಮಾಡಿಕೊಳ್ಳಬಹುದು, ಮಾಡಿಕೊಳ್ಳಲಿ.

ಜಾಗೃತ ದಳದವರು ಬಾಗಿಲಿಗೆ ಬಂದರೆ ನನ್ನ ಹಕ್ಕೇನು?

ಗುರುತಿನ ಚೀಟಿ ಕೇಳಿ. ತಪಾಸಣೆಯ ಉದ್ದಕ್ಕೂ ಮನೆಯವರೊಬ್ಬರು ಎದುರಿರಬೇಕು. ವಶಪಡಿಸಿಕೊಂಡ ವಸ್ತುಗಳ ಪಟ್ಟಿ ಮಾಡಿ ನಿಮಗೊಂದು ಪ್ರತಿ ಕೊಡಬೇಕು, ಓದಿ ಸಹಿ ಹಾಕಿ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಮನೆಗಳ ತಪಾಸಣೆ ಮಾಡುವಂತಿಲ್ಲ, ಆ ಮನೆಯಲ್ಲಿ ವಾಸಿಸುವ ವಯಸ್ಕ ಪುರುಷ ಹಾಜರಿದ್ದರೆ ಹೊರತು. ಒಂಟಿ ಹೆಂಗಸರ ಸುರಕ್ಷತೆಗೆಂದು ಬರೆದ ನಿಯಮವಿರಬೇಕು. ಅದನ್ನು ಬಳಸಿಕೊಳ್ಳಿ. ತಡೆಯುವುದು, ಕೂಗಾಡುವುದು, ಮೀಟರ್ ಹತ್ತಿರ ಓಡಿ ಏನನ್ನೋ ಕೀಳುವುದು ಬೇಡ. 126ನೇ ಸೆಕ್ಷನ್‌ನ ಅಂತಿಮ ಆದೇಶ ಒಪ್ಪಿಗೆಯಾಗದಿದ್ದರೆ ಅರ್ಧ ಮೊತ್ತ ಠೇವಣಿಯಿಟ್ಟು 30 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು.

ಪಕ್ಕದವರು ಕದಿಯುವುದು ಗೊತ್ತು. ದೂರು ಕೊಡಬೇಕೇ?

ತಂತಿ ಜೋತಾಡುತ್ತಿದ್ದರೆ, ಮಕ್ಕಳ ಕೈಗೆ ಎಟುಕುವಂತಿದ್ದರೆ ಯೋಚನೆಯೇ ಬೇಡ, ಈಗಲೇ 1912. ಉಳಿದಂತೆ ಮೊದಲು ಒಂದು ಮಾತು ಹೇಳಿ ನೋಡುವುದು ನನ್ನ ರೀತಿ. ಸೈಟಿನ ಗಡಿಯ ಜಗಳ ತೀರಿಸಿಕೊಳ್ಳಲು ಮೀಟರ್ ಕಳ್ಳತನದ ದೂರು ಬರೆಯುವವರಿದ್ದಾರೆ, ಆ ಸಾಲಿಗೆ ಸೇರಬೇಡಿ.

ನ್ಯಾಯವಾಗಿ ಬಿಲ್ ಇಳಿಸುವುದು ಹೇಗೆ?

ಬಿಸಿನೀರಿನಿಂದ ಶುರು ಮಾಡಿ. 15 ಲೀಟರ್ ನೀರನ್ನು 30 ಡಿಗ್ರಿ ಬಿಸಿ ಮಾಡಲು ಅರ್ಧ ಯೂನಿಟ್‌ಗಿಂತ ತುಸು ಹೆಚ್ಚು ಬೇಕು. ನಾಲ್ವರ ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಕಾಯಿಸಿದರೆ ತಿಂಗಳಿಗೆ ಅರವತ್ತು ಯೂನಿಟ್ ದಾಟುತ್ತದೆ. ಗೃಹಜ್ಯೋತಿಯ ಗೆರೆ ದಾಟಿಸುವುದು ಹೆಚ್ಚಾಗಿ ಇದೇ. ಸೋಲಾರ್ ನೀರು ಕಾಯಿಸುವ ಯಂತ್ರ ಇದ್ದವರು ಗೆದ್ದರು. ಹಂಡೆಯೊಲೆ ಉಳಿಸಿಕೊಂಡ ಮಲೆನಾಡಿನವರು ಮೊದಲೇ ಗೆದ್ದಿದ್ದರು. ಆಮೇಲೆ ಫ್ಯಾನ್. ಹಳೆಯದು 75 ವಾಟ್, ಹೊಸ ಬಿ.ಎಲ್.ಡಿ.ಸಿ. ಫ್ಯಾನ್ 30ರ ಆಸುಪಾಸು. ದಿನಕ್ಕೆ ಹತ್ತು ಗಂಟೆ ತಿರುಗಿದರೆ ಒಂದೊಂದರಿಂದ ತಿಂಗಳಿಗೆ 13 ಯೂನಿಟ್ ಉಳಿಯುತ್ತದೆ. ಆಮೇಲೆ ಸಂಪಿನ ಮೋಟಾರ್: ಟ್ಯಾಂಕ್ ತುಂಬಿ ಹರಿಯುತ್ತಿದ್ದರೆ ನೀರಿನ ಜೊತೆ ಕರೆಂಟ್ ಕೂಡ ಮೋರಿಗೆ ಹೋಗುತ್ತಿರುತ್ತದೆ.

ಸ್ವಂತ ತಾರಸಿ ಇದ್ದು ಬಿಲ್ ಪೂರ್ತಿ ಕಟ್ಟುವವರು 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆ ನೋಡಬಹುದು. 1 ಕಿಲೋವಾಟ್‌ಗೆ 30,000, 2ಕ್ಕೆ 60,000, 3 ಮತ್ತು ಮೇಲ್ಪಟ್ಟದ್ದಕ್ಕೆ 78,000 ರೂಪಾಯಿ ಕೇಂದ್ರದ ಸಹಾಯಧನ. ಗೃಹಜ್ಯೋತಿಯಿಂದ ಬಿಲ್ ಸೊನ್ನೆ ಬರುವವರಿಗೆ ಇದರಲ್ಲಿ ಹೆಚ್ಚಿನ ಆಕರ್ಷಣೆ ಇಲ್ಲ. ಎರಡು ಯೋಜನೆಗಳು ಒಂದನ್ನೊಂದು ಹಿಂದಕ್ಕೆಳೆಯುತ್ತಿವೆ.

ಸ್ಮಾರ್ಟ್ ಮೀಟರ್ ಬಂದರೆ ಕಳ್ಳತನ ನಿಲ್ಲುತ್ತದೆಯೇ?

ಮೀಟರನ್ನು ಮುಟ್ಟಿ ಮಾಡುವ ಕಳ್ಳತನ ಕಷ್ಟವಾಗುತ್ತದೆ, ಏಕೆಂದರೆ ಮುಚ್ಚಳ ತೆರೆದ ಕ್ಷಣವೂ ದಾಖಲಾಗುತ್ತದೆ. ಕಂಬಕ್ಕೆ ಹಾಕುವ ಕೊಕ್ಕೆ ನಿಲ್ಲುವುದಿಲ್ಲ. ರಾಜ್ಯದಲ್ಲಿ 2025ರಲ್ಲಿ ಹೊಸ ಸಂಪರ್ಕಗಳಿಗೆ ಇದನ್ನು ಕಡ್ಡಾಯ ಮಾಡಿದಾಗ ಮೀಟರಿನ ಬೆಲೆಯ ಬಗ್ಗೆ ದೊಡ್ಡ ವಿವಾದವೆದ್ದು ಹೈಕೋರ್ಟ್‌ವರೆಗೂ ಹೋಯಿತು. ಕಳ್ಳತನ ತಡೆಯುವ ಯಂತ್ರದ ಬೆಲೆಯನ್ನು ಕದಿಯದವನೂ ತೆರಬೇಕು ಎಂಬ ದೂರಿನಲ್ಲಿ ಹುರುಳಿದೆ.

ಬಿಲ್ ನಿಜಕ್ಕೂ ತಪ್ಪಾಗಿದೆ. ಯಾರ ಬಳಿ ಹೋಗಲಿ?

ಮೊದಲು ಚೀಟಿಯ ಅಂಕಿ ಮತ್ತು ಮೀಟರಿನ ಅಂಕಿ ಹೋಲಿಸಿ. ಓದಿದ ದಿನಾಂಕಗಳ ನಡುವೆ ಎಷ್ಟು ದಿನವಿದೆ ಎಣಿಸಿ. ಬಾಗಿಲು ಹಾಕಿದ್ದ ತಿಂಗಳು ಸರಾಸರಿ ಬಿಲ್ ಹಾಕಿದ್ದಾರೆಯೇ ನೋಡಿ. ತಪ್ಪು ಕಂಡರೆ ಫೋಟೋ ಸಮೇತ ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್‌ಗೆ ಲಿಖಿತ ದೂರು. ಅಲ್ಲಿ ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಆಮೇಲೆ ವಿದ್ಯುತ್ ಓಂಬುಡ್ಸ್‌ಮನ್. ಕಳ್ಳತನದ ಪ್ರಕರಣಗಳನ್ನು ಇವರು ಕೈಗೆತ್ತಿಕೊಳ್ಳುವುದಿಲ್ಲ. ವಿವಾದ ನಡೆಯುವಾಗ ‘ಆಕ್ಷೇಪದೊಂದಿಗೆ’ ಎಂದು ಬರೆದು ಕೇಳಿದ ಮೊತ್ತವನ್ನು, ಅಥವಾ ಹಿಂದಿನ ಆರು ತಿಂಗಳ ಸರಾಸರಿಯ ಲೆಕ್ಕದ ಹಣವನ್ನು, ಎರಡರಲ್ಲಿ ಕಡಿಮೆಯದನ್ನು ಕಟ್ಟಿದರೆ ಸಂಪರ್ಕ ಕಡಿಯುವಂತಿಲ್ಲ. ಎರಡು ವರ್ಷಕ್ಕಿಂತ ಹಳೆಯ ಬಾಕಿಯನ್ನು ನಡುವಿನ ಬಿಲ್‌ಗಳಲ್ಲಿ ತೋರಿಸದೆ ದಿಢೀರನೆ ಕೇಳಿದರೆ 56ನೇ ಸೆಕ್ಷನ್‌ನ ಎರಡನೇ ಉಪಸೆಕ್ಷನ್ ಅನ್ನು ಉಲ್ಲೇಖಿಸಿ ಪತ್ರ ಬರೆಯಿರಿ. ದೂರಿನ ಪ್ರತಿಯ ಮೇಲೆ ಕಚೇರಿಯ ಮೊಹರು ಮತ್ತು ದಿನಾಂಕ ಬೀಳುವವರೆಗೆ ಕೌಂಟರ್ ಬಿಟ್ಟು ಕದಲಬೇಡಿ.